ಬೀಳುವ ಜಾಗ

ನಮ್ಮ ಊರಲ್ಲಿ ಚಾವಣಿ ಕಟ್ಟುವವನಿಗೆ ಎರಡು ಚಿಂತೆ. ಹಗಲು ಅದು ಕೆಳಗೆ ಬೀಳಬಾರದು, ಸಂಜೆ ಅದು ಮೇಲಕ್ಕೆ ಏಳಬಾರದು. ಬೀಳದಂತೆ ಕಂಬ ಕೊಡುತ್ತೇವೆ; ಏಳದಂತೆ ನಾಲ್ಕೂ ಮೂಲೆಗೆ ಹಗ್ಗ ಬಿಗಿದು ನೆಲದ ಗೂಟಕ್ಕೆ ಕಟ್ಟುತ್ತೇವೆ. ನಮ್ಮಪ್ಪ ನನಗೆ ಉಳಿ ಹಿಡಿಯುವುದನ್ನು ಕಲಿಸುವ ಮೊದಲು ಗಂಟು ಹಾಕುವುದನ್ನು ಕಲಿಸಿದ. ನಾನು ಮೌನೇಶ, ಬಡಿಗೇರ ಮನೆತನದವನು. ಊರಿನ ಅರ್ಧ ಮನೆಗಳ ಗಂಟು ನನ್ನ ಕೈಯವು. ಆದರೆ ಪರವೂರಿನವರು ಬಂದರೆ ನನ್ನನ್ನು ಕೇಳುವುದು ಮನೆಗಳ ವಿಷಯವನ್ನಲ್ಲ, ದಿನ್ನೆಯ ಥಿಯೇಟರಿನ ವಿಷಯವನ್ನು. ಅದನ್ನು ಹೇಳಬೇಕೆಂದರೆ ಚಂಪಾಬಾಯಿಯವರಿಂದಲೇ ಶುರು ಮಾಡಬೇಕು.

ಊರಿಗೆ ದಿನಾ ಸಂಜೆ, ಭಾರವೆಲ್ಲ ಬಿಟ್ಟುಹೋಗಿ, ಹಗುರ ಬರುತ್ತದೆ. ಬಿಸಿಲು ಕೆಂಪಾಗುವ ಹೊತ್ತಿಗೆ ಮೊದಲು ದಿನ್ನೆಗೆ ಬಂದು, ಆಮೇಲೆ ಓಣಿ ಓಣಿಯಾಗಿ ಇಳಿದು, ಕಡೆಗೆ ಹಳ್ಳದ ದಂಡೆಯನ್ನು ಮುಟ್ಟುತ್ತದೆ. ಆ ಹೊತ್ತಿನಲ್ಲಿ ಕೈಜಾರಿ ಚೆಲ್ಲಿದ ಜೋಳವನ್ನು ಗಾಳಿಯಲ್ಲೇ ಒಂದೊಂದು ಕಾಳಾಗಿ ಆರಿಸಿಕೊಳ್ಳಬಹುದು. ಹೆಂಗಸರು ಗಡಿಗೆಗಳ ಬಾಯಿಗೆ ಬಟ್ಟೆ ಕಟ್ಟಿಡುತ್ತಾರೆ. ಕೂಸುಗಳ ಉಡಿದಾರಕ್ಕೆ ಹಳ್ಳದ ನುಣುಪು ಕಲ್ಲು ಪೋಣಿಸಿರುತ್ತಾರೆ. ಮೊಣಕಾಲು ಹಿಡಿದ ಮುದುಕಿಯರು ಇಡೀ ದಿನ ಕಟ್ಟೆಯ ಮೇಲೆ ಕೂತು ಕಾದು, ಹಗುರ ಬಂತೆಂದರೆ ಎದ್ದು ಬೀಗರ ಮನೆಗೆ ಹೊರಡುತ್ತಾರೆ. ಗಂಡ ಹೆಂಡಿರ ಜಗಳಕ್ಕಂತೂ ಆ ಹೊತ್ತು ಪ್ರಯೋಜನವಿಲ್ಲ. ಎಸೆದ ತಂಬಿಗೆ ತೇಲಿಕೊಂಡು ಹೋಗಿ ಗೋಡೆ ಮುಟ್ಟುವಷ್ಟರಲ್ಲಿ ಇಬ್ಬರಿಗೂ ನಗು ಬಂದಿರುತ್ತದೆ. ಕತ್ತಲಾಗುತ್ತಿದ್ದಂತೆ ಭಾರ ಮರಳುತ್ತದೆ, ಆದರೆ ಅದು ಬರುವುದು ಕೆಳಗಿನಿಂದ. ಮೊದಲು ಹಳ್ಳದ ದಂಡೆಗೆ, ಅಲ್ಲಿಂದ ನೀರು ಏರಿದ ಹಾಗೆ ಮೇಲಕ್ಕೆ. ಕುಂಬಾರ ಓಣಿಯ ಗಡಿಗೆಗಳು ಗಲಗಲ ಅಂದವೆಂದರೆ ಮೇಲಿನ ಓಣಿಯ ತಾಯಂದಿರು ಮಾಳಿಗೆಯ ಮೇಲೆ ನೆಗೆದಾಡುವ ಮಕ್ಕಳನ್ನು ಕೂಗಿ ಇಳಿಸಿಕೊಳ್ಳುತ್ತಾರೆ.

ಇಂಥ ಊರಲ್ಲಿ ನಾಟಕ ಅಂದರೆ ಹಾರುವುದೇ. ಗುರುಸಿದ್ದಪ್ಪನವರ ಕಂಪನಿ ಹಗುರ ಹೊತ್ತು ಬಿಟ್ಟು ಬೇರೆ ಹೊತ್ತಿನಲ್ಲಿ ಪರದೆ ಎತ್ತುತ್ತಿರಲಿಲ್ಲ. ದೇವರುಗಳು ಹಗ್ಗ ತಂತಿಗಳ ಹಂಗಿಲ್ಲದೆ ಮೇಲಿಂದ ಇಳಿಯುತ್ತಿದ್ದರು, ರಾಕ್ಷಸರು ಒಂದೇ ನೆಗೆತಕ್ಕೆ ರಂಗದ ಈ ತುದಿಯಿಂದ ಆ ತುದಿಗೆ ಹೋಗುತ್ತಿದ್ದರು. ಸಾಯುವವರೂ ಚೆಂದ ಸಾಯುತ್ತಿದ್ದರು. ಬೇವಿನ ಎಲೆ ಉದುರಿದ ಹಾಗೆ ಅತ್ತ ಇತ್ತ ಓಲಾಡುತ್ತಾ ನೆಲ ಸೇರುತ್ತಿದ್ದರು. ಚಿಕ್ಕಂದಿನಿಂದ ಅದನ್ನೇ ನೋಡಿದ ನಾವು ನಾಟಕದ ಸಾವು ಅಂದರೆ ಹಾಗೇ ಇರಬೇಕೆಂದು ತಿಳಿದಿದ್ದೆವು. ಎಲ್ಲರಿಗಿಂತ ಚೆಂದ ಹಾರುತ್ತಿದ್ದವರು ಕಂಪನಿಯ ನಾಯಕಿ ಚಂಪಾಬಾಯಿಯವರು. ಅರಮನೆಯ ಉಪ್ಪರಿಗೆಯಿಂದ ಜಿಗಿಯುವ ಒಂದು ಸನ್ನಿವೇಶ ಅವರಿಗಿತ್ತು. ಸೆರಗು ಅರಳಿಸಿಕೊಂಡು ಅವರು ಇಳಿಯುವಾಗ ಹಾಡಿನ ನುಡಿಯೊಂದು ಮೇಲೆ ಶುರುವಾಗಿ ನೆಲ ಮುಟ್ಟಿದಾಗ ಮುಗಿಯುತ್ತಿತ್ತು. ಅದಕ್ಕೆಂದೇ ಜನ ಮತ್ತೆ ಮತ್ತೆ ಬರುತ್ತಿದ್ದರು. ನನ್ನ ಹೆಂಡತಿ ಕಾಳಮ್ಮ ನಾಟಕ ನೋಡಿ ಬಂದರೆ ವಾರಗಟ್ಟಲೆ ಆ ನುಡಿಯನ್ನು ರೊಟ್ಟಿ ಬಡಿಯುವಾಗ ಗುನುಗುತ್ತಿದ್ದಳು.

ಒಂದು ವರ್ಷ ಕಂಪನಿಯನ್ನು ದೂರದ ಊರಿನವರು ಕರೆಸಿಕೊಂಡರು. ಅಲ್ಲಿ ಸಂಜೆಯೂ ಮಧ್ಯಾಹ್ನದ ಹಾಗೇ, ಭಾರ ಯಾವ ಹೊತ್ತಿಗೂ ಬಿಟ್ಟು ಹೋಗುವುದಿಲ್ಲ. ಗುರುಸಿದ್ದಪ್ಪನವರು ಎಲ್ಲರಿಗೂ ಎಚ್ಚರಿಕೆ ಹೇಳಿದ್ದರು. ಚಂಪಾಬಾಯಿಯವರಿಗಂತೂ ಊಟಕ್ಕೆ ಕೂತಾಗಲೆಲ್ಲ, "ಮೆಟ್ಟಲಾ ಇಳದು ಬರ್ರಿ ಬಾಯಾರ, ಇಲ್ಲಿ ಜಿಗೀಬ್ಯಾಡ್ರಿ" ಅನ್ನುತ್ತಿದ್ದರಂತೆ. ಮೊದಲ ಕೆಲವು ಆಟಗಳಲ್ಲಿ ಅವರು ಮೆಟ್ಟಿಲಿಳಿದೇ ಬಂದರು. ಆಮೇಲೊಂದು ಸಂಜೆ ಜನ ಕಿಕ್ಕಿರಿದಿದ್ದರು, ಹಾರ್ಮೋನಿಯಂ ಚೆನ್ನಾಗಿ ಕೂಡಿ ಬಂದಿತ್ತು, ಹಾಡು ಏರಿತು. ಚಂಪಾಬಾಯಿಯವರು ತಮ್ಮ ಊರಲ್ಲೇ ಇದ್ದೇನೆಂದುಕೊಂಡು ಉಪ್ಪರಿಗೆಯಿಂದ ಕಾಲು ಎತ್ತಿಟ್ಟರು.

ಗಾಡಿಯಲ್ಲಿ ಹುಲ್ಲು ಹಾಸಿ ಅವರನ್ನು ಕರೆತಂದರು. ಟೊಂಕ, ಎರಡು ಕಾಲು, ಮೂರೂ ಮುರಿದಿದ್ದವು. ಎಲುಬುಗಳು ಕೂಡಿಕೊಂಡವು, ಆದರೆ ಮೈಯನ್ನು ಹೊರಲಾರದಂತೆ ಕೂಡಿಕೊಂಡವು. ಹಗಲೆಲ್ಲ ಅವರು ಹೊರಸಿನ ಮೇಲೆ ಮಲಗಿರಬೇಕು. ಹಗುರ ಬಂದಾಗ ಮಾತ್ರ ಎದ್ದು ಓಣಿಯಲ್ಲಿ ನಡೆದಾಡುತ್ತಿದ್ದರು, ಬೆನ್ನು ನೆಟ್ಟಗೆ ಮಾಡಿಕೊಂಡು, ರಾಣಿಯ ಪಾತ್ರದಲ್ಲಿ ನಡೆದ ಹಾಗೇ. ಓಣಿಯವರೆಲ್ಲ ಏನೋ ಕೆಲಸದ ನೆವ ಮಾಡಿಕೊಂಡು ಬಾಗಿಲಲ್ಲಿ ನಿಂತು ನೋಡುತ್ತಿದ್ದೆವು. ಕುಂಬಾರ ಓಣಿಯ ಗಡಿಗೆಗಳ ಸದ್ದಾದೊಡನೆ ಅವರು ಮನೆಯ ಕಡೆ ತಿರುಗುತ್ತಿದ್ದರು, ನಾವೂ ಒಳಗೆ ಹೋಗುತ್ತಿದ್ದೆವು.

ಕಂಪನಿಯ ಹಳೆಯ ಥಿಯೇಟರು ಹಳ್ಳದ ದಂಡೆಯಲ್ಲಿತ್ತು. ಹಗುರ ಅಲ್ಲಿಗೆ ಕಡೆಗೆ ಬರುತ್ತದೆ, ಅಲ್ಲಿಂದ ಮೊದಲು ಹೋಗುತ್ತದೆ. ಒಂದು ದಿನ ಗುರುಸಿದ್ದಪ್ಪನವರು ನನ್ನ ಕಟ್ಟೆಗೆ ಬಂದು ಕೂತರು. ಮನುಷ್ಯ ಸ್ಥೂಲಕಾಯ, ದೊಡ್ಡ ದನಿ. ಆದರೆ ಅವತ್ತು ಮೆಲ್ಲಗೆ ಮಾತಾಡಿದರು.

"ಬಡಿಗೇರ, ದಿನ್ನಿ ಮ್ಯಾಲ ಒಂದು ಥೇಟರ್ ಕಟ್ಟಬೇಕು. ಅಲ್ಲಿ ಹಗುರ ಭಾಳೊತ್ತು ನಿಲ್ತೈತಿ. ಬಾಯಾರು ಪೂರಾ ನಾಟಕ ನಿಂತು ಮಾಡೂವಂಗ ಆಗಬೇಕು. ಅವರಿಲ್ಲದ ಕಂಪನಿ ಕಂಪನಿ ಅನ್ನಸೂದಿಲ್ಲ ನನಗ."

ನಾನು ಒಪ್ಪಿಕೊಂಡೆ. ಜೋಳದ ದಂಟು ಸೀಳಿ, ಬೆಂಡು ಚುಚ್ಚಿ, ಕಟ್ಟೆಯ ಮೇಲೆ ಅದರ ಸಣ್ಣ ಮಾದರಿ ಮಾಡಿದೆ. ರಂಗವನ್ನು ದಿನ್ನೆಯ ನೆತ್ತಿಯ ಮೇಲಿಟ್ಟೆ. ಜನ ಇಳಿಜಾರಿನಲ್ಲಿ ಕೂತು ತಲೆಯೆತ್ತಿ ನೋಡಬೇಕು. ಕುತ್ತಿಗೆ ನೋಯಬಾರದೆಂದು ಬೆಂಚುಗಳನ್ನು ಹಿಂದಕ್ಕೆ ವಾಲಿಸಿದೆ. ಹಗುರಾದಾಗ ಯಾರೂ ಆಸನ ಬಿಟ್ಟು ಏಳದಂತೆ ಪ್ರತಿ ಸಾಲಿಗೂ ತೊಡೆಯ ಮೇಲೆ ಹಾಯುವ ಒಂದು ಅಡ್ಡಗೋಲು ಇಟ್ಟೆ. ರಂಗದ ಅಂಚಿಗೆ ಸುತ್ತಲೂ ಮೆತ್ತನೆಯ ಕಟಾಂಜನ, ಚಂಪಾಬಾಯಿಯವರು ಎಲ್ಲಿ ವಾಲಿದರೂ ಕೈಗೆ ಸಿಗುವ ಹಾಗೆ. ಬಂದವರೆಲ್ಲ ಮಾದರಿಯನ್ನು ಬಗ್ಗಿ ನೋಡಿ ತಲೆದೂಗಿದರು. ನನಗೆ ಒಳಗೊಳಗೇ ಹೆಮ್ಮೆಯಾಯಿತು. ದಿನ್ನೆಯ ಮೇಲೆ ರಂಗದ ಬುನಾದಿಗೆ ಕಲ್ಲು ಬಿತ್ತು.

ಒಂದು ಸಂಜೆ ಹಗುರ ಇಳಿಯುತ್ತಿದ್ದ ಹಾಗೇ ಚಂಪಾಬಾಯಿಯವರು ನೋಡಲು ಬಂದರು. ಜೊತೆಗೆ ಕಾಳಮ್ಮ ಇದ್ದಳು. ದಿನ್ನೆಯನ್ನು ಅವರು ನಾಲ್ಕೈದು ಉದ್ದನೆಯ ಹೆಜ್ಜೆಯಲ್ಲಿ ಏರಿಬಿಟ್ಟರು. ಬುನಾದಿಯ ಮೇಲೆ ನಿಂತು ಊರನ್ನೆಲ್ಲ ಒಮ್ಮೆ ನೋಡಿದರು. ಕೆಳಗೆ ಓಣಿಗಳಲ್ಲಿ ಅಲ್ಲಲ್ಲಿ ಕೋಳಿಗಳು ತೇಲಿಕೊಂಡು ಗೂಡು ಸೇರುತ್ತಿದ್ದವು.

"ಚಲೋ ಐತಿ ಮೌನೇಶಪ್ಪ," ಅಂದರು. "ಆದ್ರ ಇದು ನನಗಲ್ಲ."

"ಯಾಕ್ರಿ ಬಾಯಾರ? ಏನು ಕಡಿಮಿ ಆಗೇತಿ?"

"ಕಡಿಮಿ ಏನೂ ಆಗಿಲ್ಲ. ಇಲ್ಲಿ ನಾ ಬೀಳೂದು ಹೆಂಗ?"

ನನಗೆ ಅರ್ಥವಾಗಲಿಲ್ಲ. "ನೀವು ಬೀಳಬಾರದಂತನ ಇಷ್ಟೆಲ್ಲಾ ಮಾಡಿದ್ದುರೀ."

"ಅದು ನನಗ ತಿಳೀತೈತಿ," ಎಂದು ಅವರು ಒಂದು ಕಲ್ಲಿನ ಮೇಲೆ ಕೂತರು. ಕೂತ ಮೇಲೂ ಮೈ ಅಷ್ಟಷ್ಟೇ ಮೇಲೇಳುತ್ತಿತ್ತು. ಕಾಳಮ್ಮ ಸೆರಗು ಹಿಡಿದುಕೊಂಡಳು. "ಆ ಊರಾಗ ಬಿದ್ನೆಲ್ಲ, ಅವತ್ತು ನೋವು ಬರೂದಕ್ಕಿಂತ ಮೊದಲ ಒಂದು ಗಳಿಗಿ ಇತ್ತು. ಮಂದಿ ಎಲ್ಲಾ ಒಮ್ಮಿಗೇ ಎದ್ದು ನಿಂತ್ರು. ಮುಂದ ಕೂತಿದ್ದ ಒಬ್ಬ ಹೆಣಮಗಳು 'ಯವ್ವಾ' ಅಂದ್ಲು, ತನ್ನ ಹೊಟ್ಟಿಮಗಳಿಗೆ ಏನೋ ಆದಂಗ. ನಾ ಇಲ್ಲಿ ರಾಣಿಯಾಗಿ ಸತ್ತೀನಿ, ತಾಯಿಯಾಗಿ ಸತ್ತೀನಿ, ಎಷ್ಟು ಸಲ ಅಂತ ನನಗ ಗೊತ್ತಿಲ್ಲ. ನಮ್ಮ ಮಂದಿ ಏನಂತಾರ? ಬಾಯಾರ, ಇವತ್ತು ಭಾಳ ಚಂದ ಇಳದ್ರಿ ಅಂತಾರ. ಒಬ್ಬರ ಕಣ್ಣಾಗೂ ನೀರು ನೋಡಿಲ್ಲ ನಾನು."

ಅವರು ಬುನಾದಿಯ ಕಲ್ಲಿನ ಮೇಲೆ ಕೈಯಾಡಿಸಿದರು.

"ನಿಂತು ಮಾಡೂದು ಆತಲ್ಲ, ಇಷ್ಟು ವರ್ಷ. ಒಮ್ಮಿ ನಮ್ಮೂರ ಮಂದಿ ಮುಂದ ಖರೇ ಭಾರದಾಗ ಬೀಳಬೇಕು ನಾನು. ಅದಕ್ಕೊಂದು ಜಾಗ ಮಾಡಿಕೊಡು."

"ಇನ್ನೊಮ್ಮಿ ಬಿದ್ರ ನೀವು ಏಳೂದಿಲ್ಲರೀ."

"ಈಗೇನು ಹಗಲೊತ್ತಿನ್ಯಾಗ ಎದ್ದು ಓಡ್ಯಾಡಾಕತ್ತೀನೇನು?"

ನಾನು ಆಗುವುದಿಲ್ಲವೆಂದು ಹೇಳಿದೆ. ಅವರು ಒತ್ತಾಯ ಮಾಡಲಿಲ್ಲ. ಎದ್ದು, ಬಂದ ಹಾಗೇ ತೇಲುವ ಹೆಜ್ಜೆಯಲ್ಲಿ ಇಳಿದು ಹೋದರು. ಮಾರನೆಯ ದಿನ ಗುರುಸಿದ್ದಪ್ಪನವರಿಗೆ, ತಾವು ಇನ್ನು ಬಣ್ಣ ಹಚ್ಚುವುದಿಲ್ಲವೆಂದು ಹೇಳಿ ಕಳಿಸಿದರು. ದಿನ್ನೆಯ ಕೆಲಸ ನಿಂತಿತು. ಬುನಾದಿಯ ಕಲ್ಲುಗಳ ನಡುವೆ ತುಂಬೆ ಗಿಡ ಎದ್ದವು.

ನಾನು ಸಿಟ್ಟಿನಲ್ಲಿದ್ದೆ. ಮಾಡಿದ್ದೆಲ್ಲ ಅವರಿಗೋಸ್ಕರವಲ್ಲವೇ ಎಂದು ಮನೆಯಲ್ಲಿ ದಿನಾ ಗೊಣಗುತ್ತಿದ್ದೆ. ಕಾಳಮ್ಮ ಕೆಲವು ದಿನ ಕೇಳಿದಳು. ಒಂದು ಮಧ್ಯಾಹ್ನ ಊಟಕ್ಕೆ ಬಡಿಸುತ್ತಾ ಅಂದಳು: "ನೀವು ಅವರಿಗೆ ನಿಲ್ಲಾಕ ಜಾಗ ಕಟ್ಟೀರಿ. ಅವರು ಕೇಳಿದ್ದು ಬೀಳಾಕ ಜಾಗ. ಅದನ್ನ ಕಟ್ಟಾಕ ನನಗ ಬರೂದಿಲ್ಲ ಅಂತ ಬೇಕಾರ ಹೇಳ್ರಿ, ತಪ್ಪಿಲ್ಲ. ಕಟ್ಟಬಾರದು ಅಂತ ಯಾಕ ಹೇಳ್ತೀರಿ?"

ನನಗೆ ಕಟ್ಟಲು ಬರುವುದಿಲ್ಲ ಎಂದು ಇದುವರೆಗೆ ಯಾರೂ ಅಂದಿರಲಿಲ್ಲ.

ಕೈ ತೊಳೆದುಕೊಂಡು ಹೋಗಿ ದಂಟಿನ ಮಾದರಿಯ ಮುಂದೆ ಕೂತೆ. ಹಗುರ ಬಂದು ಮಾದರಿ ಕಟ್ಟೆ ಬಿಟ್ಟು ಏಳುವವರೆಗೂ ಕೂತಿದ್ದೆ. ಗಾಳಿಯಲ್ಲಿ ತೇಲುತ್ತಿದ್ದ ಅದನ್ನು ಹಿಡಿಯಲು ಹೋದಾಗ ನೆತ್ತಿಯ ರಂಗ ಕಿತ್ತುಬಂದು, ಮೆಲ್ಲಗೆ ಬೆಂಚುಗಳ ನಡುವಿನಿಂದ ಕೆಳಕ್ಕೆ ಜಾರತೊಡಗಿತು. ಅದನ್ನು ನೋಡುತ್ತಾ ನೋಡುತ್ತಾ ನನಗೆ ಹೊಳೆಯಿತು. ಭಾರ ಕೆಳಗಿನಿಂದ ಏರಿ ಬರುತ್ತದೆ. ಚಂಪಾಬಾಯಿಯವರು ಮೇಲಿನಿಂದ ಇಳಿದು ಬರಲಿ. ಇಬ್ಬರೂ ಎಲ್ಲಿ ಎದುರಾಗುತ್ತಾರೋ ಅಲ್ಲೇ ಅವರು ಬೀಳಲಿ.

ರಂಗ ಹೋಗಿ ಮೆಟ್ಟಿಲಾಯಿತು. ದಿನ್ನೆಯ ನೆತ್ತಿಯಿಂದ ಶುರುವಾಗಿ ಇಳಿಜಾರಿನ ನಡುಮಧ್ಯದವರೆಗೆ ಅಗಲವಾದ ಕಲ್ಲಿನ ಮೆಟ್ಟಿಲು, ಅದರ ಎರಡೂ ಮಗ್ಗುಲಿಗೆ ಜನ. ನೆತ್ತಿಯ ಮೇಲೆ ಬಣ್ಣದ ಕೋಣೆ. ಮೆಟ್ಟಿಲು ಮುಗಿಯುವಲ್ಲಿ ಒಂದು ಮರದ ಅಂಗಳ, ಅದರ ಮೂರು ಕಡೆ ಮತ್ತೆ ಜನ. ಪರದೆ ಇಲ್ಲ, ಚಾವಣಿ ಇಲ್ಲ. ಮರದ ಅಂಗಳಕ್ಕೇ ನಾನು ಹೆಚ್ಚು ದಿನ ತೆಗೆದುಕೊಂಡೆ. ನೆಲ ಅಗೆಸಿ, ಗುಂಡಿಯಲ್ಲಿ ಬಾಯಿ ಮೇಲೆ ಮಾಡಿ ಗಡಿಗೆಗಳನ್ನು ಕೂಡಿಸಿದೆ, ಸದ್ದು ತುಂಬಿ ಬರಲೆಂದು. ಅವುಗಳ ಸಂದಿಗೆಲ್ಲ ಹುಲ್ಲು ತುರುಕಿ, ಮೇಲೆ ಹಗ್ಗದ ಸಿಂಬೆಗಳನ್ನಿಟ್ಟು, ಸಿಂಬೆಗಳ ಮೇಲೆ ಮಾವಿನ ಹಲಗೆ ಹಾಸಿದೆ. ಹಲಗೆ ತುಸು ಬಗ್ಗಿ ಮೈಯನ್ನು ತೆಗೆದುಕೊಳ್ಳಬೇಕು, ಆದರೆ ಬಗ್ಗಿದ್ದು ಯಾರಿಗೂ ಕಾಣಬಾರದು.

ಪರೀಕ್ಷೆಯನ್ನು ಹಗಲಲ್ಲೇ ಮಾಡಬೇಕಿತ್ತು. ಚಂಪಾಬಾಯಿಯವರನ್ನು ಹೊರಸಿನ ಸಮೇತ ಹೊತ್ತು ತಂದು ನೆರಳಿನಲ್ಲಿ ಇಳಿಸಿದೆವು. ನಾನು ಹಲಗೆಯ ಮೇಲೆ ನಿಂತು ಬಿದ್ದೆ. ಅವರು ಕಣ್ಣು ಮುಚ್ಚಿ ಕೇಳಿದರು.

"ಇದು ತೊಲಿ ಬಿದ್ದಂಗಾತು. ಇನ್ನೊಮ್ಮಿ."

ಇನ್ನೊಮ್ಮೆ ಬಿದ್ದೆ. ಸಿಂಬೆ ಬದಲಿಸಿ ಬಿದ್ದೆ, ಹುಲ್ಲು ಕಡಿಮೆ ಮಾಡಿ ಬಿದ್ದೆ. ನನ್ನ ಮೊಣಕೈ ತರಚಿಹೋಯಿತು. ಅವರು ತಲೆ ಅಲ್ಲಾಡಿಸುತ್ತಲೇ ಇದ್ದರು. ಊಟ ತಂದಿದ್ದ ಕಾಳಮ್ಮ ಇದನ್ನೆಲ್ಲ ನೋಡಿ, ಬುತ್ತಿ ಕೆಳಗಿಟ್ಟು, ಸೀರೆ ಸಿಗಿಸಿಕೊಂಡು, "ಸರೀರಿ ಆಕಡೆ" ಎಂದು ಬಂದು ಬಿದ್ದುಬಿಟ್ಟಳು. ಮಂಡಿ ಮೊದಲು, ಆಮೇಲೆ ಟೊಂಕ, ಆಮೇಲೆ ಭುಜ. ಗಡಿಗೆಗಳು ಒಳಗಿನಿಂದ ತುಂಬಿದ ದನಿಯಲ್ಲಿ ಹೂಂಕರಿಸಿದವು. ಚಂಪಾಬಾಯಿಯವರು ಕಣ್ಣು ತೆರೆದರು. "ಹಾಂ. ಇದು. ನೀ ನನಗ ಕಲಿಸವ್ವಾ," ಅಂದರು. ಅಂದಿನಿಂದ ಅವರಿಬ್ಬರೂ ದಿನ್ನೆಯಲ್ಲಿ ಬೀಳುವುದನ್ನು ಕಲಿತರು. ಹಗಲಲ್ಲಿ ಚಂಪಾಬಾಯಿಯವರನ್ನು ನಾನು ಎತ್ತಿ ಮಂಡಿಯ ಮೇಲೆ ಕೂಡಿಸಿ ಕೈ ಬಿಡಬೇಕು.

ಗುರುಸಿದ್ದಪ್ಪನವರು ಬಂದು ನೋಡಿ ಗಾಬರಿಯಾದರು. "ಪರದಿ ಎಲ್ಲಿ? ರಾಕ್ಷಸ ಎಲ್ಲಿಂದ ಎಲ್ಲಿಗೆ ನೆಗೀಬೇಕು? ನಮ್ಮ ಮಂದಿ ಹಾರೂದು ನೋಡಾಕ ಬರ್ತಾರ ಬಾಯಾರ, ಬೀಳೂದು ನೋಡಾಕ ಯಾರೂ ಬರೂದಿಲ್ಲ."

"ಹಂಗಾರ ನೀವ ಹಾರ್ರಿ ಮಾಲಕರ," ಅಂದರು ಚಂಪಾಬಾಯಿಯವರು, ಹೊರಸಿನ ಮೇಲಿಂದಲೇ.

ಗುರುಸಿದ್ದಪ್ಪನವರು ತಮ್ಮ ಹೊಟ್ಟೆಯನ್ನು ಒಮ್ಮೆ ನೋಡಿಕೊಂಡು, ಮುನಿಸಿಕೊಂಡು ಹೋದರು. ಆದರೆ ಮರುದಿನ ಕಂಪನಿಯ ಹಳೆಯ ನಾಟಕವೊಂದರ ಕೊನೆಯನ್ನು ತಿದ್ದಿಕೊಂಡು ತಾವೇ ಬಂದರು. ಯುದ್ಧ ಮುಗಿದ ಮೇಲೆ ಮುದಿರಾಣಿ ಕೋಟೆಯಿಂದಿಳಿದು ರಣರಂಗದಲ್ಲಿ ಮಗನನ್ನು ಹುಡುಕುವ ಕಥೆ. ಮುಂಚೆ ಆಕೆ ಮಗನ ಹೆಣ ಕಂಡು ಆಕಾಶಕ್ಕೆ ಹಾರಿ ಹೋಗುತ್ತಿದ್ದಳು. ಈಗ ಹಾರುವುದಿಲ್ಲ.

ಮೊದಲ ಆಟದ ದಿನ ಊರಿಗೆ ಊರೇ ದಿನ್ನೆ ಏರಿತು. ಬೆಂಚುಗಳಲ್ಲಿ ಕೂತು, ಅಡ್ಡಗೋಲು ಎಳೆದುಕೊಂಡು, ಜನ ಹಗುರಾದರು. ಮಕ್ಕಳ ಕಾಲುಗಳು ತಾವಾಗಿ ಮೇಲೆದ್ದವು, ಹೆಂಗಸರ ಜಡೆಗಳು ತೇಲಿದವು. ನೆತ್ತಿಯ ಮೇಲೆ ಯುದ್ಧ ನಡೆಯಿತು. ಸೈನಿಕರು ಬಾನಿನಲ್ಲಿ ಡಿಕ್ಕಿ ಹೊಡೆದು ಉರುಳಿದರು, ಜನ ಶಿಳ್ಳೆ ಹೊಡೆದರು. ನಾನು ಮರದ ಅಂಗಳದ ಪಕ್ಕದಲ್ಲಿ ನಿಂತಿದ್ದೆ. ನನಗೆ ಯುದ್ಧ ಕಾಣಿಸುತ್ತಿರಲಿಲ್ಲ. ಪಡುವಣಕ್ಕೆ ಮೋಡ ಕಟ್ಟಿತ್ತು, ಅದನ್ನೇ ನೋಡುತ್ತಿದ್ದೆ. ಮೋಡ ಬಂದರೆ ಕತ್ತಲು ಬೇಗ, ಕತ್ತಲು ಬೇಗ ಬಂದರೆ ಭಾರವೂ ಬೇಗ.

ರಾಣಿ ಕೋಟೆಯ ಬಾಗಿಲಲ್ಲಿ ಕಾಣಿಸಿಕೊಂಡರು. ಬಿಳಿ ಸೀರೆ, ಬಿಚ್ಚಿದ ಕೂದಲು. ಮೆಟ್ಟಿಲಿನ ಮೇಲೆ ಅವರ ಪಾದ ತಾಗುತ್ತಿತ್ತೋ ಇಲ್ಲವೋ ಅನ್ನುವ ಹಾಗೆ ಇಳಿಯತೊಡಗಿದರು, ಸತ್ತವರ ಹೆಸರು ಒಬ್ಬೊಬ್ಬರದಾಗಿ ಕೂಗುತ್ತಾ. ಮಗನ ಪಾತ್ರದವನು ಹಲಗೆಯ ಮೇಲೆ ಮಲಗಿದ್ದ. ಅಷ್ಟರಲ್ಲಿ ಕೆಳಗೆ ಕುಂಬಾರ ಓಣಿಯ ಗಡಿಗೆಗಳು ಗಲಗಲ ಅಂದವು. ನಾವು ಅಂದುಕೊಂಡದ್ದಕ್ಕಿಂತ ಬಹಳ ಮೊದಲೇ. ಕೆಳಗಿನ ಸಾಲಿನ ಜನ ಬೆಂಚಿಗೆ ಕುಸಿದರು. ಮಕ್ಕಳ ಕಾಲು ಇಳಿದವು, ಜಡೆಗಳು ಬೆನ್ನಿಗೆ ಬಿದ್ದವು. ಆ ಸಾಲಿನಿಂದ ಈ ಸಾಲಿಗೆ ಭಾರ ಏರಿ ಬರುವುದು ಕಣ್ಣಿಗೇ ಕಾಣುತ್ತಿತ್ತು. ನನ್ನ ಕೈಕಾಲಿಗೂ ಬಂತು. ರಾಣಿ ಇನ್ನೂ ಮೆಟ್ಟಿಲಿನ ಮೇಲಿದ್ದರು, ಬರಿ ಕಲ್ಲಿನ ಮೇಲೆ.

ಭಾರ ಅವರ ಪಾದವನ್ನು ಮುಟ್ಟಿದ್ದು ನನಗೆ ಗೊತ್ತಾಯಿತು. ಹೆಸರು ಕೂಗುವ ದನಿ ನಡುವೆಯೇ ತುಂಡಾಯಿತು. ನಾನು ಮುಂದಕ್ಕೆ ನುಗ್ಗಿದೆ. ಯಾರೋ ಹಿಂದಿನಿಂದ ತೋಳು ಹಿಡಿದೆಳೆದರು, ತಿರುಗಿದರೆ ಗುರುಸಿದ್ದಪ್ಪನವರು. ಅವರ ಕಣ್ಣು ಮೆಟ್ಟಿಲ ಮೇಲೇ ಇತ್ತು. "ನಿಲ್ಲು," ಅಂದರು. "ಅವರು ಇನ್ನೂ ಪಾತ್ರದಾಗ ಅದಾರ."

ಕಾಲು ಮಡಚುವ ಮೊದಲೇ ಚಂಪಾಬಾಯಿಯವರು ಎರಡೂ ಕೈಯೂರಿ ಕಲ್ಲಿನ ಮೇಲೆ ಕೂತುಬಿಟ್ಟಿದ್ದರು. ಒಂದು ಗಳಿಗೆ ಹಾಗೇ ಕೂತು, ಆಮೇಲೆ ಮೈಯನ್ನು ಮುಂದಿನ ಮೆಟ್ಟಿಲಿಗೆ ಎಳೆದರು. ಮತ್ತೊಂದು ಮೆಟ್ಟಿಲಿಗೆ. ನಿರ್ಜೀವ ಕಾಲುಗಳು ಹಿಂದೆ ಹಿಂದೆ ಬಂದವು, ಬಳೆಗಳು ಕಲ್ಲಿಗೆ ತಾಗಿ ಒಡೆದವು. ಮಾತು ಮತ್ತೆ ಶುರುವಾಯಿತು, ಈಗ ಕೂಗಾಗಿ ಅಲ್ಲ, ಉಬ್ಬಸದ ನಡುವೆ. ನಾಟಕದಲ್ಲಿದ್ದ ಹೆಸರುಗಳು ಮುಗಿದಿದ್ದವು. ಅವರು ಮಗನ ಹೆಸರೊಂದನ್ನೇ ಹೇಳುತ್ತಾ ಬಂದರು, ಮನೆಯಲ್ಲಿ ಊಟಕ್ಕೆ ಕರೆಯುವ ಹಾಗೆ. ಹಲಗೆಯನ್ನು ಮುಟ್ಟಿದಾಗ ಮಗನ ಎದೆಯ ಮೇಲೆ ಕೈಯೂರಿ ಮಂಡಿಯ ಮೇಲೆ ಎದ್ದರು, ಹೇಗೆ ಎದ್ದರೋ ನನಗೆ ಇವತ್ತಿಗೂ ತಿಳಿಯದು. ಅವನ ಮುಖ ನೋಡಿದರು. ಬಿದ್ದರು.

ಆ ಸದ್ದು ದಿನ್ನೆಯ ಒಳಗಿನಿಂದ ಬಂದ ಹಾಗೆ ಬಂದು, ಕೂತವರ ಬೆನ್ನೆಲುಬಿನಲ್ಲಿ ಹಾದು ಹೋಯಿತು. ಮುಂದಿನ ಸಾಲಿನಲ್ಲಿದ್ದ ಗಿರಣಿಯ ರುದ್ರಪ್ಪ ಮೆಲ್ಲಗೆ ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. ಅವನನ್ನು ನೋಡಿ ಪಕ್ಕದವನೂ ತೆಗೆದ. ಸಾಲು ಸಾಲಾಗಿ ರುಮಾಲುಗಳು ಇಳಿದವು. ಹೆಂಗಸರು ಸೆರಗು ತಲೆಯ ಮೇಲೆ ಎಳೆದುಕೊಂಡರು. ಯಾರೋ ಬಿಕ್ಕಿದರು, ಯಾರೆಂದು ಯಾರೂ ತಿರುಗಿ ನೋಡಲಿಲ್ಲ.

ಕಾಳಮ್ಮ ಓಡಿ ಹೋಗಿ ಅವರ ತಲೆಯ ಬಳಿ ಕೂತಳು. ನಾನೂ ಹೋದೆ.

"ಬಾಯಾರ, ಪೆಟ್ಟಾತೇನ್ರಿ?"

"ಆಗೇತಿ," ಅಂದರು, ಕೆನ್ನೆ ಹಲಗೆಗೆ ಒತ್ತಿಕೊಂಡೇ. "ನೀ ತುಸು ಸರಿ. ಮಂದೀನ ನೋಡಬೇಕು ನಾನು."

ಬಹಳ ಹೊತ್ತು ನೋಡಿದರು. ಕತ್ತಲಲ್ಲಿ ಅವರಿಗೆ ಎಷ್ಟು ಕಾಣಿಸಿತೋ ಏನೋ.

ಆ ಹೊತ್ತಿಗೆ ನೆತ್ತಿಯ ಮೇಲಿಂದಲೂ ಹಗುರ ಪೂರ್ತಿ ಹೋಗಿತ್ತು. ಅವರನ್ನು ಮನೆ ಮುಟ್ಟಿಸಬೇಕಿತ್ತು. ಬಣ್ಣದ ಕೋಣೆಯಿಂದ ರಾಣಿಯ ಸಿಂಹಾಸನವನ್ನು ತರಿಸಿ, ಎರಡು ಬಿದಿರಿನ ಗಳ ಕಟ್ಟಿ, ಅವರನ್ನು ಅದರಲ್ಲಿ ಕೂಡಿಸಿ ಎತ್ತಿಕೊಂಡೆವು. ಕಲ್ಲಿಗೆ ತರಚಿದ ಅಂಗೈಗಳನ್ನು ಅವರು ಮಡಿಲಲ್ಲಿ ಇಟ್ಟುಕೊಂಡಿದ್ದರು. ಹಿಂದಿನ ಗಳಕ್ಕೆ ನಾನು, ರುದ್ರಪ್ಪ. ಮುಂದಿನದಕ್ಕೆ ಮಗನ ಪಾತ್ರದವನು, ಗುರುಸಿದ್ದಪ್ಪನವರು. ಹೊರುವುದು ಬೇಡವೆಂದರೂ ಅವರು ಕೇಳಲಿಲ್ಲ. ಅರ್ಧ ದಾರಿ ಇಳಿಯುವಷ್ಟರಲ್ಲಿ ಅವರಿಗೆ ಏದುಸಿರು ಬಂತು. ಗಳವನ್ನು ಭುಜದಿಂದ ಭುಜಕ್ಕೆ ಬದಲಿಸುತ್ತಾ ನಿಂತರು.

"ಬಾಯಾರ, ನೀವು ಇಷ್ಟು ಭಾರ ಇದ್ದೀರಿ ಅಂತ ನನಗ ಗೊತ್ತ ಇರಲಿಲ್ಲರೀ."

"ಇಷ್ಟು ದಿನ ಹೊತ್ತೀರೇನು, ಗೊತ್ತಾಗಾಕ?" ಅಂದರು ಚಂಪಾಬಾಯಿಯವರು ಕತ್ತಲಲ್ಲಿ, ಮೇಲಿನಿಂದ. "ನಡೀರಿ. ಹಸಿವ್ಯಾಗೇತಿ ನನಗ."

ನಾವು ಗಳಕ್ಕೆ ಹೆಗಲು ಕೊಟ್ಟು, ಒಬ್ಬರ ಹೆಜ್ಜೆ ಒಬ್ಬರು ಕೇಳಿಸಿಕೊಳ್ಳುತ್ತಾ, ನಿಧಾನವಾಗಿ ಇಳಿದೆವು.